ಹಾಲಿನ ಲೆಕ್ಕ ನಿಲ್ಲದಂತೆ ಪೋಸ್ಟ್‌ಗ್ರೆಸ್ 12ರಿಂದ 16ಕ್ಕೆ ಹೋದದ್ದು

ನಾನು ಕೆಲಸ ಮಾಡುವುದು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ಹಳ್ಳಿಗಳ ಹಾಲಿನ ಸೊಸೈಟಿಗಳ ಲೆಕ್ಕವೆಲ್ಲ ನಮ್ಮ ಸರ್ವರ್‌ಗಳಲ್ಲಿದೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು, ಪಶು ಆಹಾರದ ಬಾಬ್ತು ಎಷ್ಟು ಮುರಿದುಕೊಳ್ಳಬೇಕು, ಬಟವಾಡೆ ದಿನ ಕೈಗೆ ಎಷ್ಟು ಬರಬೇಕು, ಎಲ್ಲವೂ. ಆ ಲೆಕ್ಕ ಇಡುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಅದನ್ನು 12ನೇ ಆವೃತ್ತಿಯಿಂದ 16ಕ್ಕೆ ತಂದೆವು, ಜೊತೆಗೆ ಒಂದು ಸರ್ವರ್‌ನ ಡೇಟಾ ಇನ್ನೊಂದಕ್ಕೆ ತಾನಾಗಿ ನಕಲಾಗುತ್ತಿರುವ ರೆಪ್ಲಿಕೇಶನ್ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಿದೆವು. ಬದಲಾವಣೆ ಮುಗಿದದ್ದು ಒಂದು ರಾತ್ರಿಯಲ್ಲಿ. ಅದಕ್ಕೆ ಮುಂಚೆ ಕೂತು ಯೋಚಿಸಿದ್ದು, ಪಟ್ಟಿ ಮಾಡಿದ್ದು, ತಾಲೀಮು ನಡೆಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಇಲ್ಲಿ ಆ ಯೋಜನೆಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮುಂಚೆ ಇದ್ದದ್ದು ಹೀಗೆ. ಕೆಲಸವೆಲ್ಲ ನಡೆಯುವ ಒಂದು ಪ್ರೈಮರಿ ಸರ್ವರ್, ಅದು ಬಿದ್ದರೆ ಕೈಗೆ ಬರಲಿ ಅಂತ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿ ಒಂದು ಸ್ಟ್ಯಾಂಡ್‌ಬೈ. ಎರಡರಲ್ಲೂ ಪೋಸ್ಟ್‌ಗ್ರೆಸ್ 12, ಎರಡರಲ್ಲೂ ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಮ್. ನಡುವೆ ಸ್ಟ್ರೀಮಿಂಗ್ ರೆಪ್ಲಿಕೇಶನ್. ಡೇಟಾ ಸುಮಾರು 400 ಜಿಬಿ. ವರ್ಷಗಟ್ಟಲೆ ಚೆನ್ನಾಗಿಯೇ ನಡೆದಿತ್ತು. ಆದರೆ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ನಿಂತಿತು. ಪೋಸ್ಟ್‌ಗ್ರೆಸ್ 12ಕ್ಕೆ ಅದೇ ವರ್ಷ ನವೆಂಬರ್‌ನಲ್ಲಿ ಕೊನೆಯ ಬಿಡುಗಡೆ ಬಂತು. ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೂ ಐದು ವರ್ಷದ ಆಯಸ್ಸು. ಆಮೇಲೆ ಭದ್ರತೆಯ ದೋಷ ಸಿಕ್ಕರೂ ರಿಪೇರಿ ಬರುವುದಿಲ್ಲ. ಸಾವಿರಾರು ಮನೆಗಳ ಹಾಲಿನ ದುಡ್ಡು ಇರುವ ಜಾಗವನ್ನು ಹಾಗೆ ಬಿಡೋದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು, ಮ್ಯಾನೇಜರ್ ಮುಂದೆ ಅದನ್ನೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತು ನಿಲ್ಲುತ್ತೆ?"

ಆ ಪ್ರಶ್ನೆಯೇ ಇಡೀ ಯೋಜನೆಗೆ ದಾರಿ ತೋರಿಸಿತು. ಹಾಲು ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಡೇರಿ ಮುಂದೆ ಕ್ಯಾನ್ ಹಿಡಿದು ಜನ ನಿಂತಿರುತ್ತಾರೆ, ಸಂಜೆ ಮತ್ತೆ ಅದೇ. ಮಧ್ಯಾಹ್ನ ಒಂದಿಷ್ಟು ಬಿಡುವು, ರಾತ್ರಿ ಒಂಬತ್ತರ ಮೇಲೆ ಬಿಡುವು. ಬಟವಾಡೆಯ ಹಿಂದುಮುಂದಿನ ದಿನಗಳಲ್ಲಂತೂ ಸರ್ವರ್ ಮುಟ್ಟುವ ಹಾಗೇ ಇಲ್ಲ. ಸೊಸೈಟಿಯ ಮಿಷನ್‌ಗಳು ಇಂಟರ್‌ನೆಟ್ ಇಲ್ಲದಿದ್ದರೂ ಹಾಲಿನ ಲೆಕ್ಕವನ್ನು ತಮ್ಮಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತವೆ, ಅದು ನಿಜ. ಹಾಗಂತ ಅದನ್ನೇ ನಂಬಿ ಬೆಳಗಿನ ಹೊತ್ತು ಸರ್ವರ್ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ.

ಮುಂದಿದ್ದ ದಾರಿಗಳು ಮೂರು. ಡಂಪ್ (ಇಡೀ ಡೇಟಾದ ಪ್ರತಿ) ತೆಗೆದು ಹೊಸದಕ್ಕೆ ಹಾಕುವುದು ಮೊದಲನೆಯದು. ಸರಳ, ಆದರೆ 400 ಜಿಬಿಗೆ ನಮ್ಮ ಡಿಸ್ಕ್‌ನಲ್ಲಿ ರಾತ್ರಿ ಸಾಲುತ್ತಿರಲಿಲ್ಲ. ಎರಡನೆಯದು ಪಿಜಿ ಅಪ್‌ಗ್ರೇಡ್, ಆವೃತ್ತಿ ಏರಿಸಲು ಪೋಸ್ಟ್‌ಗ್ರೆಸ್‌ನದ್ದೇ ಸಲಕರಣೆ. ಲಿಂಕ್ ವಿಧಾನದಲ್ಲಿ ಬಹಳ ಬೇಗ ಮುಗಿಯುತ್ತದೆ, ಯಾಕೆಂದರೆ ಡೇಟಾ ಫೈಲುಗಳನ್ನು ನಕಲು ಮಾಡದೆ ಹಾರ್ಡ್ ಲಿಂಕ್ ಹಾಕುತ್ತದೆ, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು ಕೊಡುತ್ತದೆ. ಆದರೆ ಹೊಸ ಸರ್ವರ್ ಒಮ್ಮೆ ಎದ್ದು ಬರೆಯಲು ಶುರು ಮಾಡಿದರೆ ಹಳೆಯದನ್ನು ಮತ್ತೆ ಎಬ್ಬಿಸುವ ಹಾಗಿಲ್ಲ. ವಾಪಸ್ ಬರುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಮೂರನೆಯದು ಲಾಜಿಕಲ್ ರೆಪ್ಲಿಕೇಶನ್: ಹೊಸ ಸರ್ವರ್ ಪಕ್ಕದಲ್ಲಿ ಎಬ್ಬಿಸಿ, ಹಳೆಯದರಿಂದ ಅದಕ್ಕೆ ಡೇಟಾ ಹರಿಯಲು ಬಿಟ್ಟು, ಎರಡೂ ಸಮವಾದ ಮೇಲೆ ಒಂದು ರಾತ್ರಿ ಸಾಫ್ಟ್‌ವೇರನ್ನು ಹೊಸದರ ಕಡೆ ತಿರುಗಿಸುವುದು.

ಸ್ಟ್ರೀಮಿಂಗ್ ಹೇಗೂ ಇದೆಯಲ್ಲ, ಅದರಲ್ಲೇ ಯಾಕೆ ಆಗಲ್ಲ ಅಂತ ತಂಡದ ಹೊಸ ಹುಡುಗರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ಟ್ರೀಮಿಂಗ್‌ನಲ್ಲಿ ಹೋಗುವುದು ವಾಲ್, ಅಂದರೆ ಪೋಸ್ಟ್‌ಗ್ರೆಸ್ ತನ್ನ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಟ್ಟುಕೊಳ್ಳುವ ದಿನವಹಿ. ಅದು ಡಿಸ್ಕ್‌ನ ಬ್ಲಾಕ್ ಮಟ್ಟದ ಲೆಕ್ಕ. ಎರಡು ಕಡೆಯೂ ಒಂದೇ ದೊಡ್ಡ ಆವೃತ್ತಿ ಇರಲೇಬೇಕು. 12ರ ವಾಲ್ ಅನ್ನು 16 ಓದುವುದಿಲ್ಲ. ಲಾಜಿಕಲ್‌ನಲ್ಲಿ ಹೋಗುವುದು ಸಾಲುಗಳ ಲೆಕ್ಕ: ಈ ಟೇಬಲ್‌ಗೆ ಈ ಸಾಲು ಸೇರಿತು, ಈ ಸಾಲು ಬದಲಾಯಿತು, ಇದು ಹೋಯಿತು. ಹಾಗಾಗಿ ಆವೃತ್ತಿ ಬೇರೆಯಿದ್ದರೂ ನಡೆಯುತ್ತದೆ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ನೊಳಗೇ ಇದೆ.

ಆದರೂ ಒಂದು ನಡುದಾರಿ ನಮ್ಮನ್ನು ಸ್ವಲ್ಪ ಎಳೆಯಿತು. ಹೊಸ ಯಂತ್ರದಲ್ಲಿ ರಾಕಿ ಲಿನಕ್ಸ್ 9 ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರ ಮೇಲೆ ಪೋಸ್ಟ್‌ಗ್ರೆಸ್ 12ರದ್ದೇ ಒಂದು ಸ್ಟ್ಯಾಂಡ್‌ಬೈ ಮಾಡಿ, ಅದನ್ನು ಪ್ರೈಮರಿ ಮಾಡಿಕೊಂಡು, ಅಲ್ಲೇ ಪಿಜಿ ಅಪ್‌ಗ್ರೇಡ್ ಓಡಿಸುವುದು. ಕಾಗದದ ಮೇಲೆ ಎಷ್ಟು ಚೆಂದ ಕಾಣುತ್ತದೆ ಅಲ್ವಾ? ಇದನ್ನು ಬೇಡ ಅಂದದ್ದು ನಮ್ಮ ಹಿರಿಯ ಸಹೋದ್ಯೋಗಿ. ಹಳೆಯ ಯಂತ್ರದಲ್ಲೊಂದು, ಹೊಸದರಲ್ಲೊಂದು ಟರ್ಮಿನಲ್ ತೆಗೆದು, ಎರಡೇ ಸಾಲಿನ ಒಂದು ಪಟ್ಟಿಯನ್ನು ಎರಡೂ ಕಡೆ ಕ್ರಮವಾಗಿ ಜೋಡಿಸುವ ಸಾರ್ಟ್ ಕಮಾಂಡಿಗೆ ಕೊಟ್ಟರು. ಒಂದು ಸಾಲಿನಲ್ಲಿ "1-1", ಇನ್ನೊಂದರಲ್ಲಿ "11". ಭಾಷೆಯ ಸೆಟ್ಟಿಂಗ್ ಎರಡೂ ಕಡೆ ಒಂದೇ, ಅಮೆರಿಕನ್ ಇಂಗ್ಲಿಷ್, ಯುಟಿಎಫ್-8. ಸೆಂಟ್‌ಓಎಸ್ 7ರಲ್ಲಿ ಮೊದಲು 11 ಬಂತು, ಆಮೇಲೆ 1-1. ರಾಕಿ 9ರಲ್ಲಿ ಮೊದಲು 1-1, ಆಮೇಲೆ 11.

"ನಮ್ಮ ಮೆಂಬರ್ ಕೋಡ್ ಹೆಂಗಿದೆ ನೋಡಪ್ಪ," ಅಂದರು.

ನಮ್ಮ ಮೆಂಬರ್ ಕೋಡ್ ಸೊಸೈಟಿ ನಂಬರ್, ಅಡ್ಡಗೆರೆ, ಸದಸ್ಯರ ನಂಬರ್. ಕೋಣೆಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾರಣ ಇಷ್ಟು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಜಿಲಿಬ್‌ಸಿ 2.28ರಲ್ಲಿ ಈ ಕ್ರಮ ದೊಡ್ಡ ಮಟ್ಟದಲ್ಲಿ ಬದಲಾಯಿತು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ರಾಕಿ 9ರಲ್ಲಿ 2.34. ಸ್ಟ್ರೀಮಿಂಗ್‌ನಲ್ಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿ) ಫೈಲುಗಳು ಹಾಗ್ಹಾಗೇ ಹೋಗುತ್ತವೆ. ಹಳೆಯ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ ಇರುವ ಸಾಲೇ ಸಿಗದೆ ಹೋಗಬಹುದು. ಒಂದೇ ಕೋಡ್ ಮತ್ತೆ ಬಾರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಇದ್ದರೂ ಅದೇ ಕೋಡ್ ಎರಡು ಸಲ ಒಳಗೆ ಬರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಯಾವ ಎರರ್ ಕೂಡ ಬರುವುದಿಲ್ಲ. ಡೇರಿಯ ಕಿಟಕಿ ಮುಂದೆ ಒಬ್ಬ ಅಮ್ಮ ಕ್ಯಾನ್ ಇಟ್ಟುಕೊಂಡು ನಿಂತಿರುತ್ತಾರೆ, ಹತ್ತು ವರ್ಷದಿಂದ ಹಾಲು ಹಾಕುತ್ತಿರುವವರು, ಸೆಕ್ರೆಟರಿ "ನಿಮ್ಮ ನಂಬರ್ ಬರ್ತಿಲ್ವಲ್ಲಮ್ಮ" ಅನ್ನುತ್ತಾರೆ. ಇದು ಆಗಬಾರದು. ಎಲ್ಲ ಇಂಡೆಕ್ಸ್‌ಗಳನ್ನೂ ರೀಇಂಡೆಕ್ಸ್ ಮಾಡಿದರೆ ಸರಿಯಾಗುತ್ತದೆ ನಿಜ, ಆದರೆ ಆ ಹೊತ್ತನ್ನೂ ರಾತ್ರಿಯ ಬಿಡುವಿನಲ್ಲೇ ಹುಡುಕಬೇಕು. ಲಾಜಿಕಲ್‌ನಲ್ಲಿ ಸಾಲುಗಳು ಮಾತ್ರ ಬರುತ್ತವೆ, ಇಂಡೆಕ್ಸ್ ಹೊಸ ಯಂತ್ರದಲ್ಲೇ ಹೊಸ ಕ್ರಮದಲ್ಲಿ ಹುಟ್ಟುತ್ತದೆ. ಆವತ್ತೇ ತೀರ್ಮಾನವಾಯಿತು.

ಇನ್ನು ಲಾಜಿಕಲ್ ರೆಪ್ಲಿಕೇಶನ್ ಏನನ್ನು ತರುವುದಿಲ್ಲ ಅನ್ನುವುದು. ನನ್ನ ಪ್ರಕಾರ ಯೋಜನೆಯ ಜೀವ ಇರುವುದೇ ಇಲ್ಲಿ. ರೆಪ್ಲಿಕೇಶನ್ ಅಂದ ತಕ್ಷಣ ಎಲ್ಲವೂ ಆ ಕಡೆ ಹೋಗುತ್ತದೆ ಅಂತ ಮನಸ್ಸು ಅಂದುಕೊಂಡುಬಿಡುತ್ತದೆ. ಹೋಗುವುದಿಲ್ಲ. ಟೇಬಲ್‌ಗಳ ರಚನೆ ಹೋಗುವುದಿಲ್ಲ, ನಾವೇ ಸ್ಕೀಮಾ ಡಂಪ್ ತೆಗೆದು ಹಾಕಬೇಕು. ಯೂಸರ್‌ಗಳು, ಪಾಸ್‌ವರ್ಡ್‌ಗಳು ಹೋಗುವುದಿಲ್ಲ. ಹೊಸ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಈಗಿನ ಸಂಖ್ಯೆ ಹೋಗುವುದಿಲ್ಲ. ಲಾರ್ಜ್ ಆಬ್ಜೆಕ್ಟ್‌ಗಳು (ಡೇಟಾಬೇಸ್‌ನೊಳಗೇ ಇಡುವ ದೊಡ್ಡ ಫೈಲುಗಳು) ಹೋಗುವುದಿಲ್ಲ, ನಮ್ಮಲ್ಲಿ ಪುಣ್ಯಕ್ಕೆ ಅವು ಇರಲಿಲ್ಲ. ನಡುವೆ ಯಾರಾದರೂ ಒಂದು ಕಾಲಮ್ ಸೇರಿಸಿದರೆ ಅದೂ ಹೋಗುವುದಿಲ್ಲ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾರು ನೋಡಿಕೊಳ್ಳಬೇಕು ಅಂತ ಹೆಸರು ಹಾಕಿ ಗೋಡೆಗೆ ಅಂಟಿಸಿದೆವು.

ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿಗೂ ಬೇರೆಯಾದ ಗುರುತು, ಇಲ್ಲದ ಟೇಬಲ್‌ಗಳ ವಿಷಯ ಬೇರೆಯೇ. ಸಾಲನ್ನು ಬದಲಾಯಿಸಬೇಕಾದರೆ ಅಥವಾ ಅಳಿಸಬೇಕಾದರೆ ಆ ಕಡೆಯ ಸರ್ವರ್‌ಗೆ ಯಾವ ಸಾಲು ಅಂತ ಗೊತ್ತಾಗಬೇಕಲ್ಲ? ಅದಕ್ಕೆ ರೆಪ್ಲಿಕಾ ಐಡೆಂಟಿಟಿ ಬೇಕು, ಸಾಮಾನ್ಯವಾಗಿ ಅದು ಪ್ರೈಮರಿ ಕೀ. ಅದಿಲ್ಲದ ಟೇಬಲನ್ನು ಪಬ್ಲಿಕೇಶನ್‌ಗೆ (ಆ ಕಡೆ ಕಳಿಸಬೇಕಾದ ಟೇಬಲ್‌ಗಳ ಪಟ್ಟಿಗೆ) ಸೇರಿಸಿದರೆ ಏನಾಗುತ್ತದೆ ಗೊತ್ತಾ? ಹೊಸ ಸರ್ವರ್‌ನಲ್ಲಿ ಅಲ್ಲ, ಹಳೆಯ ಸರ್ವರ್‌ನಲ್ಲೇ, ಜನ ಬಳಸುತ್ತಿರುವ ಸರ್ವರ್‌ನಲ್ಲೇ, ಅಪ್‌ಡೇಟ್ ಮತ್ತು ಡಿಲೀಟ್ ಎರರ್ ಕೊಟ್ಟು ನಿಂತುಬಿಡುತ್ತವೆ. ಇನ್ಸರ್ಟ್ ಮಾತ್ರ ನಡೆಯುತ್ತಿರುತ್ತದೆ. ನಮ್ಮ ದರ ಪಟ್ಟಿಯ ಟೇಬಲ್ ಹಾಗೇ ಇತ್ತು. ಯಾವ ಫ್ಯಾಟ್‌ಗೆ ಲೀಟರ್‌ಗೆ ಎಷ್ಟು ರೂಪಾಯಿ ಅನ್ನುವ ಟೇಬಲ್ ಅದು, ಬದಲಾಗುವುದು ಅಪರೂಪ. ಪಬ್ಲಿಕೇಶನ್ ಮಾಡಿದ ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಷ್ಟೋ ದಿನದ ಮೇಲೆ ಹಾಲಿನ ದರ ಬದಲಾದ ಬೆಳಿಗ್ಗೆ ಹೊಸ ದರ ಹಾಕಲು ಹೋದರೆ ಆಗುವುದಿಲ್ಲ. ತಾಲೀಮಿನಲ್ಲಿ ಬೇಕೆಂದೇ ಪ್ರತಿ ಟೇಬಲ್‌ನಲ್ಲೂ ಒಂದು ಸಾಲು ಬದಲಾಯಿಸಿ ನೋಡಿದ್ದರಿಂದ ಇದು ಕೈಗೆ ಸಿಕ್ಕಿತು. ಪ್ರೈಮರಿ ಕೀ ಇಲ್ಲದ ಟೇಬಲ್‌ಗಳನ್ನು ಸಿಸ್ಟಮ್ ಕ್ಯಾಟಲಾಗ್‌ನಿಂದ ಪಟ್ಟಿ ತೆಗೆದು, ಆದಷ್ಟಕ್ಕೆ ಕೀ ಸೇರಿಸಿದೆವು. ಸಾಧ್ಯವಾಗದ ಒಂದೆರಡಕ್ಕೆ ಮಾತ್ರ ರೆಪ್ಲಿಕಾ ಐಡೆಂಟಿಟಿಯನ್ನು ಫುಲ್ ಅಂತ ಇಟ್ಟೆವು. ಫುಲ್ ಅಂದರೆ ಇಡೀ ಸಾಲೇ ಗುರುತು. ದೊಡ್ಡ ಟೇಬಲ್‌ಗೆ ಅದು ಭಾರ, ಸಣ್ಣದಕ್ಕೆ ತೊಂದರೆಯಿಲ್ಲ.

ಹಾಲಿನ ಎಂಟ್ರಿಗಳ ಟೇಬಲ್ ನಮ್ಮಲ್ಲಿ ತಿಂಗಳಿಗೊಂದು ಪಾರ್ಟಿಶನ್, ಅಂದರೆ ಒಂದು ತಾಯಿ ಟೇಬಲ್‌ನ ಕೆಳಗೆ ತಿಂಗಳಿಗೊಂದು ತುಂಡು ಟೇಬಲ್. ಪೋಸ್ಟ್‌ಗ್ರೆಸ್ 12ರಲ್ಲಿ ತಾಯಿ ಟೇಬಲನ್ನು ಪಬ್ಲಿಶ್ ಮಾಡಲು ಬರುವುದಿಲ್ಲ, ಆ ಸೌಲಭ್ಯ ಬಂದದ್ದು 13ರಲ್ಲಿ. ಹಾಗಾಗಿ ಒಂದೊಂದು ಪಾರ್ಟಿಶನ್ನೂ ಬೇರೆ ಬೇರೆಯಾಗಿ, ಎರಡು ಕಡೆಯೂ ಅದೇ ಹೆಸರಲ್ಲಿ ಇರಬೇಕು. ತಿಂಗಳು ತಿರುಗುವ ಮೊದಲೇ ಬದಲಾವಣೆ ಮುಗಿಸಬೇಕು ಅಂತ ಇಟ್ಟುಕೊಂಡೆವು. ಅಕಸ್ಮಾತ್ ತಡವಾದರೆ ಇರಲಿ ಅಂತ ಮುಂದಿನ ತಿಂಗಳ ಪಾರ್ಟಿಶನ್ನನ್ನೂ ಎರಡು ಕಡೆ ಮುಂಚೆಯೇ ಮಾಡಿ, ಸಬ್‌ಸ್ಕ್ರಿಪ್ಶನ್ (ಪಬ್ಲಿಕೇಶನ್‌ನಿಂದ ಡೇಟಾ ಪಡೆಯುವ ಕಡೆಯ ವ್ಯವಸ್ಥೆ) ರಿಫ್ರೆಶ್ ಮಾಡಿಟ್ಟೆವು. ಸಾಲು ಸೇರಿದಾಗ ತಾನಾಗಿ ಓಡುವ ಟ್ರಿಗರ್‌ಗಳ ಬಗ್ಗೆ ನನಗೆ ಭಯ ಇತ್ತು, ಸದಸ್ಯರ ಒಟ್ಟು ಮೊತ್ತ ಎರಡೆರಡು ಸಲ ಸೇರಿಬಿಟ್ಟರೆ ಅಂತ. ಹಾಗೆ ಆಗುವುದಿಲ್ಲ. ರೆಪ್ಲಿಕೇಶನ್‌ನಿಂದ ಬಂದ ಸಾಲುಗಳಿಗೆ ಸಾಮಾನ್ಯ ಟ್ರಿಗರ್‌ಗಳು ಓಡುವುದಿಲ್ಲ, ಬೇಕೆಂದೇ ಆಲ್ವೇಸ್ ಅಥವಾ ರೆಪ್ಲಿಕಾ ಅಂತ ಇಟ್ಟವು ಮಾತ್ರ ಓಡುತ್ತವೆ.

ವಾಲ್ ಲೆವೆಲ್ ಎಂಬ ಸೆಟ್ಟಿಂಗನ್ನು ಲಾಜಿಕಲ್ ಮಾಡಲು ಹಳೆಯ ಸರ್ವರ್‌ಗೆ ಒಂದು ರೀಸ್ಟಾರ್ಟ್ ಬೇಕು. ಅದನ್ನು ಒಂದು ಮಧ್ಯಾಹ್ನದ ಬಿಡುವಿನಲ್ಲಿ ಮುಗಿಸಿದೆವು. ವಾಲ್ ಅನ್ನು ಆ ಕಡೆ ಕಳಿಸುವ ವಾಲ್ ಸೆಂಡರ್‌ಗಳ ಸಂಖ್ಯೆಯನ್ನೂ ಆಗಲೇ ಏರಿಸಿದೆವು. ಅದನ್ನು ಮೊದಲು ಸ್ಟ್ಯಾಂಡ್‌ಬೈನಲ್ಲಿ ಏರಿಸಿ ಆಮೇಲೆ ಪ್ರೈಮರಿಯಲ್ಲಿ ಏರಿಸಬೇಕು. ತಿರುಗುಮುರುಗು ಮಾಡಿದರೆ ಸ್ಟ್ಯಾಂಡ್‌ಬೈ ನಿಂತುಹೋಗುತ್ತದೆ.

ನಿದ್ದೆ ಕೆಡಿಸಿದ್ದು ಅಂದರೆ ಸ್ಲಾಟ್. ಹೊಸ ಸರ್ವರ್ ಎಲ್ಲಿಯವರೆಗೆ ಓದಿದೆ ಅನ್ನುವ ಗುರುತನ್ನು ಹಳೆಯ ಸರ್ವರ್ ಒಂದು ರೆಪ್ಲಿಕೇಶನ್ ಸ್ಲಾಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹೊಸದು ಓದುವವರೆಗೆ ವಾಲ್ ಫೈಲುಗಳನ್ನು ಅಳಿಸುವುದಿಲ್ಲ. ಒಂದೊಂದು ಫೈಲು 16 ಎಂಬಿ. ನಡುವಿನ ಲಿಂಕ್ ಕಡಿದುಹೋಗಿ ಯಾರೂ ನೋಡದಿದ್ದರೆ ಆ ಫೈಲುಗಳು ಗುಡ್ಡೆಯಾಗುತ್ತಾ ಹೋಗಿ, ಡಿಸ್ಕ್ ತುಂಬಿ, ಹಳೆಯ ಸರ್ವರೇ ನಿಲ್ಲುತ್ತದೆ. ಇಂತಿಷ್ಟಕ್ಕಿಂತ ಜಾಸ್ತಿ ಇಡಬೇಡ ಅಂತ ಮಿತಿ ಹಾಕುವ ಸೆಟ್ಟಿಂಗ್ ಬಂದದ್ದು 13ರಲ್ಲಿ. ನಮ್ಮ 12ರಲ್ಲಿ ಅದಿಲ್ಲ. ಹಾಗಾಗಿ ವಾಲ್ ಡಿಸ್ಕನ್ನು ದೊಡ್ಡದು ಮಾಡಿಸಿದೆವು, ಸ್ಲಾಟ್ ಎಷ್ಟು ಹಿಂದೆ ಬಿದ್ದಿದೆ ಅನ್ನುವುದನ್ನು ಆಗಾಗ ಅಳೆದು ಫೋನಿಗೆ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ಹಾಕಿದೆವು. ಡಿಸ್ಕ್ ಇಷ್ಟು ತುಂಬಿದರೆ ಯಾರನ್ನೂ ಕೇಳದೆ ಸ್ಲಾಟ್ ಕಿತ್ತುಹಾಕಿ ಅಂತ ರಾತ್ರಿ ಪಾಳಿಯವರಿಗೆ ಬರೆದುಕೊಟ್ಟೆವು. ಸ್ಲಾಟ್ ಹೋದರೆ ನಕಲು ಮೊದಲಿಂದ ಶುರುಮಾಡಬೇಕು, ಅಷ್ಟೇ ತಾನೆ. ಹಾಲಿನ ಎಂಟ್ರಿ ನಿಲ್ಲಬಾರದು. ಇನ್ನೊಂದು ವಿಷಯ: 12ರಲ್ಲಿ ಈ ಲಾಜಿಕಲ್ ಸ್ಲಾಟ್ ಪ್ರೈಮರಿಯಲ್ಲಿ ಮಾತ್ರ ಇರುತ್ತದೆ. ನಡುವೆ ಪ್ರೈಮರಿ ಬಿದ್ದು ಸ್ಟ್ಯಾಂಡ್‌ಬೈಗೆ ಹೋಗಬೇಕಾಗಿ ಬಂದರೆ ಆಗಲೂ ಮೊದಲಿಂದಲೇ.

ತಾಲೀಮನ್ನು ಹಿಂದಿನ ಬ್ಯಾಕಪ್‌ನಿಂದ ಎಬ್ಬಿಸಿದ ಬೇರೆ ಸರ್ವರ್‌ಗಳ ಮೇಲೆ ಹಲವು ಸಲ ನಡೆಸಿದೆವು. ಮೊದಲ ನಕಲಿಗೆ ಮುಂಚೆ ಪ್ರೈಮರಿ ಕೀಗಳನ್ನಷ್ಟೇ ಹಾಕಿ, ಉಳಿದ ಇಂಡೆಕ್ಸ್‌ಗಳನ್ನು ನಕಲು ಮುಗಿದ ಮೇಲೆ ಕಟ್ಟಿದರೆ ಎಷ್ಟೋ ಬೇಗ ಆಗುತ್ತದೆ ಅಂತ ತಾಲೀಮಿನಲ್ಲೇ ಗೊತ್ತಾಯಿತು. ಸಾಲುಗಳ ಲೆಕ್ಕ ಎರಡು ಕಡೆ ಸಮ ಬಂದರೆ ಸಾಕು ಅಂತ ಕೆಲವರು ಅಂದರು. ನನಗೆ ಸಾಲದು ಅನ್ನಿಸಿತು. ಪ್ರತಿ ಸೊಸೈಟಿಯ ಒಟ್ಟು ಲೀಟರ್, ಒಟ್ಟು ರೂಪಾಯಿ, ಬಟವಾಡೆಯ ಅವಧಿವಾರು ಎರಡು ಕಡೆಯೂ ತೆಗೆದು ಹೋಲಿಸುವ ಕ್ವೆರಿ ಬರೆದೆ. ಒಂದು ಸೊಸೈಟಿಯ ಸೆಕ್ರೆಟರಿಗೆ ಫೋನ್ ಮಾಡಿ, ಅವರ ಹತ್ತಿರ ಇರುವ ಪ್ರಿಂಟ್ ಹಾಳೆಯ ಜೊತೆಗೂ ತಾಳೆ ನೋಡಿದೆ.

"ಅಣ್ಣ, ಕಳೆದ ಬಟವಾಡೆ ಹಾಳೆ ಇದ್ರೆ ಕೆಳಗಿನ ಟೋಟಲ್ ಓದಿ," ಅಂದೆ.

ಅವರು ಓದಿದರು, ಪೈಸೆ ಸಮೇತ. ನನ್ನ ಪರದೆಯಲ್ಲಿ ಹೊಸ ಸರ್ವರ್ ತೋರಿಸುತ್ತಿದ್ದದ್ದೂ ಅದೇ ಸಂಖ್ಯೆ.

"ಯಾಕೆ ಸಾರ್, ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?" ಅಂತ ಗಾಬರಿಯಿಂದ ಕೇಳಿದರು. ಇಲ್ಲ ಅಣ್ಣ, ಹೊಸ ಸರ್ವರ್ ಹಾಕ್ತಿದ್ದೀವಿ, ಸರಿಯಾಗಿ ಬಂದಿದ್ಯಾ ನೋಡ್ತಿದ್ದೀನಿ ಅಂದೆ. "ನೋಡ್ಕಳಿ ಸಾರ್, ಜನಕ್ಕೆ ಉತ್ರ ಹೇಳೋನು ನಾನು," ಅಂದರು. ಆ ಮಾತನ್ನು ತಂಡದವರಿಗೆಲ್ಲ ಹೇಳಿದೆ.

ಬದಲಾವಣೆಗೆ ಬಟವಾಡೆಯಿಂದ ದೂರ ಇರುವ ಒಂದು ರಾತ್ರಿ ಆರಿಸಿಕೊಂಡೆವು. ಸಂಜೆಯ ಹಾಲಿನ ಎಂಟ್ರಿಗಳು ಬಂದು ಮುಗಿದ ಮೇಲೆ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳನ್ನೆಲ್ಲ ನಿಲ್ಲಿಸಿದೆವು. ಇದು ಮುಖ್ಯ, ಯಾಕೆಂದರೆ ನಮ್ಮ ಸಾಫ್ಟ್‌ವೇರ್ ಡೇಟಾಬೇಸ್‌ಗೆ ಹೋಗುವುದು ನಡುವೆ ನಿಂತು ಕನೆಕ್ಷನ್‌ಗಳನ್ನು ಸಂಭಾಳಿಸುವ ಪಿಜಿ ಬೌನ್ಸರ್ ಮೂಲಕ, ಅದಕ್ಕೆ ಪಾಜ್ (ಸ್ವಲ್ಪ ನಿಲ್ಲು) ಅಂತ ಹೇಳಿದರೆ ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳು ಮುಗಿಯುವವರೆಗೆ ಕಾಯುತ್ತದೆ, ಯಾವುದೋ ರಿಪೋರ್ಟ್ ಟ್ರಾನ್ಸಾಕ್ಷನ್ ತೆರೆದು ಸುಮ್ನೆ ಕೂತಿದ್ದರೆ ಅದರ ಹಿಂದೆ ಎಲ್ಲರೂ ಕೂರಬೇಕು. ಪಾಜ್ ಆಯಿತು. ಹಳೆಯ ಸರ್ವರ್‌ನ ಕೊನೆಯ ವಾಲ್ ಸ್ಥಾನ ಬರೆದುಕೊಂಡು, ಹೊಸದು ಅಲ್ಲಿಗೆ ಬಂದದ್ದನ್ನು ಖಾತ್ರಿ ಮಾಡಿಕೊಂಡೆವು. ಸೀಕ್ವೆನ್ಸ್‌ಗಳನ್ನು ಹಳೆಯದರಿಂದ ಓದಿ, ಮೇಲೆ 10,000 ಸೇರಿಸಿ ಹೊಸದರಲ್ಲಿ ಇಟ್ಟೆವು. ಚೀಟಿಯಲ್ಲಿ ಬರುವ ನಂಬರ್ ಬೇರೆ ಟೇಬಲ್‌ನಿಂದ ಬರುವುದರಿಂದ ಈ ಹಾರಿಕೆ ರೈತರ ಕಣ್ಣಿಗೆ ಬೀಳುವುದಿಲ್ಲ. ಟೇಬಲ್‌ಗಳ ಅಂಕಿಅಂಶ ಕಲೆಹಾಕುವ ಅನಲೈಸ್ ಅನ್ನು ಸಂಜೆಯೇ ಓಡಿಸಿದ್ದೆವು, ಇಲ್ಲದಿದ್ದರೆ ಕ್ವೆರಿಗೆ ದಾರಿ ಆರಿಸುವ ಪ್ಲಾನರ್‌ಗೆ ಹೊಸ ಟೇಬಲ್‌ಗಳ ಅಂದಾಜು ಸಿಗದೆ ಕ್ವೆರಿಗಳು ನಿಧಾನವಾಗುತ್ತವೆ.

ಆಮೇಲೆ ವಾಪಸ್ ದಾರಿ. ಹಳೆಯದರಿಂದ ಹೊಸದಕ್ಕೆ ಇದ್ದ ಸಬ್‌ಸ್ಕ್ರಿಪ್ಶನ್ ತೆಗೆದು, ಹೊಸದರಿಂದ ಹಳೆಯದಕ್ಕೆ ಇನ್ನೊಂದು ಹಾಕಿದೆವು, ಮೊದಲ ನಕಲು ಬೇಡ ಅಂತ ಹೇಳಿ, ಯಾಕೆಂದರೆ ಎರಡರಲ್ಲೂ ಡೇಟಾ ಒಂದೇ. ಇದನ್ನು ಸಾಫ್ಟ್‌ವೇರ್ ಹೊಸದರಲ್ಲಿ ಬರೆಯಲು ಶುರು ಮಾಡುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ನಡುವಿನ ಎಂಟ್ರಿಗಳು ಹಳೆಯದಕ್ಕೆ ಸಿಗುವುದಿಲ್ಲ. ಹೀಗೆ ಮಾಡಿದರೆ ಹೊಸದರಲ್ಲಿ ಏನಾದರೂ ಕೆಟ್ಟರೆ ಒಂದು ಎಂಟ್ರಿಯೂ ಕಳೆಯದಂತೆ 12ಕ್ಕೆ ಹಿಂತಿರುಗಬಹುದು. ಈ ಒಂದು ಕೆಲಸಕ್ಕೆ ನಾನು ಮೀಟಿಂಗ್‌ನಲ್ಲಿ ಬಹಳ ಹಟ ಹಿಡಿದಿದ್ದೆ. ಯಾರಾದರೂ ನಿಮಗೆ ಇದು ಸುಮ್ನೆ ಜಾಸ್ತಿ ಕೆಲಸ ಅಂದರೆ ಒಪ್ಪಬೇಡಿ. ಪಾಸ್‌ವರ್ಡ್‌ಗಳನ್ನು ಎಂಡಿ5 ಎಂಬ ಹಳೆಯ ವಿಧಾನದಿಂದ ಹೆಚ್ಚು ಭದ್ರವಾದ ಸ್ಕ್ರಾಮ್‌ಗೆ ಬದಲಾಯಿಸುವುದನ್ನು ಮಾತ್ರ ಆ ರಾತ್ರಿ ಮುಟ್ಟಲಿಲ್ಲ, ಮುಂದಕ್ಕೆ ಹಾಕಿದೆವು. 14ರಿಂದ ಹೊಸ ಪಾಸ್‌ವರ್ಡ್‌ಗಳಿಗೆ ಸ್ಕ್ರಾಮ್ ಸಹಜವಾಗಿ ಬರುತ್ತದೆ, ಹಳೆಯ ಡ್ರೈವರ್‌ಗಳಿಗೆ ಅದು ಗೊತ್ತಾಗುವುದಿಲ್ಲ, ಒಂದೇ ರಾತ್ರಿ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಹುಡುಕುವುದು ಕಷ್ಟ.

ಪಿಜಿ ಬೌನ್ಸರ್‌ನಲ್ಲಿ ವಿಳಾಸ ಬದಲಾಯಿಸಿ, ರಿಲೋಡ್ ಮಾಡಿ, ರೆಸ್ಯೂಮ್ ಅಂದೆವು. ಹೊಸ ಸ್ಟ್ಯಾಂಡ್‌ಬೈ ಹಿಂದಿನ ದಿನಗಳಲ್ಲೇ ಬೇಸ್ ಬ್ಯಾಕಪ್‌ನಿಂದ ಎದ್ದು 16ರ ಜೊತೆ ಸ್ಟ್ರೀಮಿಂಗ್‌ನಲ್ಲಿ ನಡೆಯುತ್ತಿತ್ತು, ಅದರ ಕಡೆ ಒಮ್ಮೆ ನೋಡಿದೆವು ಅಷ್ಟೇ. ಬೆಳಿಗ್ಗೆ ಆರರ ಹೊತ್ತಿಗೆ ಮೊದಲ ಎಂಟ್ರಿಗಳು ಬರಲು ಶುರುವಾದವು. ಫ್ಯಾಟ್ 4.1, ಎಸ್‌ಎನ್‌ಎಫ್ 8.5. ಅದೇ ಸಾಲು ಹೊಸ ಸ್ಟ್ಯಾಂಡ್‌ಬೈನಲ್ಲೂ ಇತ್ತು, ಹಳೆಯ 12ರಲ್ಲೂ ಇತ್ತು. ಮೂರು ಕಡೆಯೂ ನೋಡಿದ ಮೇಲೆ ಕಾಫಿಗೆ ಹೋದೆವು.

ಹಳೆಯ ಸರ್ವರನ್ನು ಒಂದು ಪೂರ್ತಿ ಬಟವಾಡೆ ಮುಗಿಯುವವರೆಗೆ ಹಾಗೇ ಇಟ್ಟಿದ್ದೆವು. ದುಡ್ಡು ಜನರ ಖಾತೆಗೆ ಬಿದ್ದು, ಸೊಸೈಟಿಗಳಿಂದ ತಕರಾರು ಬರಲಿಲ್ಲ ಅಂತ ಆದ ಮೇಲೆ ಹಿಂಮುಖ ಸಬ್‌ಸ್ಕ್ರಿಪ್ಶನ್ ತೆಗೆದು, ಸ್ಲಾಟ್ ಉಳಿದಿಲ್ಲ ಅಂತ ನೋಡಿಕೊಂಡು, ಸೆಂಟ್‌ಓಎಸ್ ಯಂತ್ರಗಳನ್ನು ಆಫ್ ಮಾಡಿದೆವು. ಪೋಸ್ಟ್‌ಗ್ರೆಸ್ 16ಕ್ಕೆ ಬೆಂಬಲ ಇರುವುದು 2028ರ ನವೆಂಬರ್‌ವರೆಗೆ. ಮುಂದಿನ ಸಲಕ್ಕೆ ಸಿಗುವ ಅನುಕೂಲಗಳೂ ಇವೆ: 17ರಲ್ಲಿ ಲಾಜಿಕಲ್ ಸ್ಲಾಟನ್ನು ಸ್ಟ್ಯಾಂಡ್‌ಬೈಗೂ ಹೊಂದಿಸಿ ಇಡಬಹುದು, ಇರುವ ಸ್ಟ್ಯಾಂಡ್‌ಬೈಯನ್ನೇ ಲಾಜಿಕಲ್ ಸಬ್‌ಸ್ಕ್ರೈಬರ್ ಮಾಡಿಕೊಳ್ಳುವ ಸಲಕರಣೆಯೂ ಬಂದಿದೆ. ಗೋಡೆಯ ಮೇಲಿದ್ದ ಹಾಳೆಯನ್ನು ಟೈಪ್ ಮಾಡಿ, ದರ ಪಟ್ಟಿಯ ಕಥೆಯನ್ನೂ ಸಾರ್ಟ್ ಕಮಾಂಡಿನ ಕಥೆಯನ್ನೂ ಸೇರಿಸಿ, ಹೊಸದಾಗಿ ಸೇರುವವರು ಮೊದಲ ವಾರ ಓದಬೇಕಾದ ಕಾಗದಗಳ ಜೊತೆ ಇಟ್ಟಿದ್ದೇವೆ.